ಗಾಜು ಫಳಫಳ, ಸರಿ. ಹೊಗೆ?

2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾ ಮಾರಾಟ, ಸೇವನೆ ಎರಡನ್ನೂ ನಿಷೇಧಿಸಿತು. ಕೆಫೆಯಲ್ಲಿದ್ದ ಹುಕ್ಕಾ ಕೆಲವರ ಹಾಸ್ಟೆಲ್ ಮಂಚದ ಕೆಳಗೆ ಬಂದು ಕೂತಿತು, ಅಷ್ಟೇ. ಈಗ ಅದರ ಗಾಜಿನ ಬುಡ ತೊಳೆಯೋದ್ರಲ್ಲೂ ಎಕ್ಸ್‌ಪರ್ಟ್‌ಗಳು ಹುಟ್ಕೊಂಡಿದ್ದಾರೆ.

ತೊಳೆಯೋ ಕೆಮಿಸ್ಟ್ರಿ ಚೆನ್ನಾಗೇ ಇದೆ, ಒಪ್ಪೋಣ. ಕಂದು ಜಿಡ್ಡು ಬರೀ ನೀರಿಗೆ ಜಗ್ಗಲ್ಲ, ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಬಿಡುತ್ತೆ. ಜೊತೆಗೆ ಕಲ್ಲುಪ್ಪು ಹಾಕಿ ಕುಲುಕಿದ್ರೆ, ಉಪ್ಪು ಕರಗದೆ ಉಳಿದು ಉಜ್ಜೋ ಕೆಲಸ ಮಾಡುತ್ತೆ. (ಲ್ಯಾಬಲ್ಲಿ ಬ್ಯುರೆಟ್ ಇಷ್ಟು ಶ್ರದ್ಧೆಯಿಂದ ತೊಳೆದವರನ್ನ ನಾನಂತೂ ನೋಡಿಲ್ಲ!) ಆದ್ರೆ ಆ ಆಲ್ಕೋಹಾಲ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 12 ಡಿಗ್ರಿ ಸೆಲ್ಸಿಯಸ್. ರೂಮಿನ ಬಿಸಿಗೇ ಏಳೋ ಆವಿಗೆ ಒಂದು ಕಿಡಿ ಸಾಕು. ಕೆಂಡ ಪಕ್ಕದಲ್ಲಿಟ್ಕೊಂಡು ತೊಳೆಯೋದು ಶುದ್ಧ ದಡ್ಡತನ.

ನನ್ನ ತಕರಾರು ಇರೋದು "ಕ್ಲೀನ್ ಇದೆ ಮಗಾ, ನೀರು ಬೇರೆ ಫಿಲ್ಟರ್ ಮಾಡುತ್ತೆ" ಅನ್ನೋ ಮಾತಿನ ಮೇಲೆ. ತೊಳೆದ್ರೆ ಗಬ್ಬುವಾಸನೆ ಹೋಗುತ್ತೆ. ಇದ್ದಿಲಿನಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಹೋಗಲ್ಲ. ಅದು ನೀರಲ್ಲಿ ಕರಗೋದು ತೀರಾ ಕಡಿಮೆ. ಗುಳುಗುಳು ಅಂತ ಗುಳ್ಳೆಯಾಗಿ ದಾಟಿ ಎದೆಗೇ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅಂಟ್ಕೊಳ್ಳುತ್ತೆ. ಗಾಜು ಎಷ್ಟು ಹೊಳೆದ್ರೂ ಈ ಲೆಕ್ಕ ಬದಲಾಗಲ್ಲ.

ಅದರಲ್ಲೂ ವಾರ್ಡನ್‌ಗೆ ಹೆದರಿ ಕಿಟಕಿ ಮುಚ್ಚಿದ ರೂಮು! ಅಲ್ಲಿ ಯಾರಿಗಾದ್ರೂ ತಲೆನೋವು, ತಲೆಸುತ್ತು, ವಾಕರಿಕೆ ಬಂದ್ರೆ "ಫ್ಲೇವರ್ ಸ್ಟ್ರಾಂಗಿತ್ತು" ಅಂತ ಮಲಗಿಸಬೇಡಿ. ಮೊದಲು ಹೊರಗೆ ಗಾಳಿಗೆ ಕರ್ಕೊಂಡು ಬನ್ನಿ, 108ಕ್ಕೆ ಫೋನ್ ಮಾಡಿ. ವಾರ್ಡನ್ ಬೈಗುಳ ಆಮೇಲೆ ನೋಡ್ಕೊಂಡ್ರಾಯ್ತು.