ಅಳಿಸುವ ಮುನ್ನ ನೋಡಿರಿ
1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ರೂಪಿಸತೊಡಗಿದ ಯುನಿಕ್ಸ್ ವ್ಯವಸ್ಥೆಯು ಮಿತಭಾಷಿ. ‘ಆರ್‌ಎಂ’ ಎಂದು ಬರೆದು ಕಡತವೊಂದನ್ನು ಹೆಸರಿಸಿದರೆ, ಸಾಮಾನ್ಯವಾಗಿ ಅದು ಮರುಪ್ರಶ್ನೆಯಿಲ್ಲದೆ ಅಳಿಸಿಬಿಡುತ್ತದೆ. ಮರಳಿ ಆಯ್ದುಕೊಳ್ಳಲು ಕಸದ ಬುಟ್ಟಿಯೂ ಇರುವುದಿಲ್ಲ. 1998ರಲ್ಲಿ ಪಿಕ್ಸಾರ್ ಸಂಸ್ಥೆಯ ‘ಟಾಯ್ ಸ್ಟೋರಿ 2’ ಚಿತ್ರದ ಬಹುಭಾಗವು ಇಂತಹ ಆಜ್ಞೆಯೊಂದರಿಂದ ಅಳಿದುಹೋಯಿತು. ಉದ್ಯೋಗಿಯೊಬ್ಬರ ಮನೆಯಲ್ಲಿದ್ದ ಪ್ರತಿಯು ಅದನ್ನು ಉಳಿಸಿತು. ಇದು ಆಜ್ಞೆಯ ದೋಷವೆಂಬ ವಾದವನ್ನು ನಾವು ಒಪ್ಪೆವು. ಪ್ರಯೋಗಶಾಲೆಯಲ್ಲಿ ವಿದ್ಯುನ್ಮಂಡಲವನ್ನು ಪರೀಕ್ಷಿಸಿದ ಬಳಿಕವೇ ಸ್ವಿಚ್ಚನ್ನು ಒತ್ತುವೆವಲ್ಲವೆ? ಅಂತೆಯೇ ‘ಪಿಡಬ್ಲ್ಯೂಡಿ’ಯಿಂದ ನಾವಿರುವ ನೆಲೆಯನ್ನೂ ‘ಎಲ್‌ಎಸ್’ನಿಂದ ಅಲ್ಲಿರುವ ಕಡತಗಳನ್ನೂ ತಿಳಿದು, ‘ಸಿಪಿ’ಯಿಂದ ಬೇರೆಡೆ ಪ್ರತಿಯನ್ನಿರಿಸಿ, ಅನಂತರವೇ ಅಳಿಸುವ ಶಿಸ್ತನ್ನು ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕು. ಯಂತ್ರವು ಕೇಳದ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳತಕ್ಕದ್ದು.