ಕಿವಿಯ ಮೇಲೊಂದು ಮುಚ್ಚಳ



ಕಳೆದ ಸಲ ಈ ಪುಟದಲ್ಲಿ ಹಲಸಿನ ಹಪ್ಪಳದ ಬಗ್ಗೆ ಬರೆದಿದ್ದೆ. ಸಂಘದ ವಾರ್ಷಿಕೋತ್ಸವದ ದಿನ ನಿಮ್ಮಲ್ಲೊಬ್ಬಳು ನನ್ನನ್ನು ತಡೆದು ನಿಲ್ಲಿಸಿ, "ಆಂಟಿ, ಹಪ್ಪಳ ಎಲ್ಲ ಅಮ್ಮನಿಗೆ. ನಮ್ಮ ವಿಷಯವೂ ಸ್ವಲ್ಪ ಬರೆಯಿರಿ" ಎಂದಳು. ಸರಿ, ಈ ಸಲ ನಿಮ್ಮದೇ ವಿಷಯ. ಕ್ಲಬ್ಬುಗಳಲ್ಲಿ ಹಾಡು ನುಡಿಸುವ ಡಿ.ಜೆ. ತನ್ನ ತಲೆಗೆ ಸಿಕ್ಕಿಸಿಕೊಳ್ಳುವ ಹೆಡ್‌ಫೋನನ್ನು ಆರಿಸುವುದು ಹೇಗೆ ಎಂದು ಹೇಳುತ್ತೇನೆ. ನಗಬೇಡಿ. ವರ್ಡ್ಸ್‌ವರ್ತ್ ಓದಿ ಬಿ.ಎ. ಮುಗಿಸಿದವಳಿಗೆ ಈ ಉಸಾಬರಿ ಯಾಕೆಂದರೆ, ನನ್ನ ಮಗ ವಾರದಲ್ಲಿ ಐದು ದಿನ ಆಫೀಸಿಗೆ ಹೋಗುತ್ತಾನೆ, ಶುಕ್ರವಾರ ಶನಿವಾರ ರಾತ್ರಿ ಲೋವರ್ ಪರೇಲಿನಲ್ಲಿ ಡಿ.ಜೆ. ಆಗುತ್ತಾನೆ.

ಅವನು ಈ ಕೆಲಸ ಶುರು ಮಾಡಿದಾಗ ನಾನು ಎರಡು ತಿಂಗಳು ಮುಖ ಊದಿಸಿಕೊಂಡೇ ಇದ್ದೆ. ಆಮೇಲೆ ಮನಸ್ಸು ಕರಗಿ, ಹುಟ್ಟುಹಬ್ಬಕ್ಕೆ ಒಂದು ಹೆಡ್‌ಫೋನ್ ತಂದುಕೊಟ್ಟೆ. ಅಂಗಡಿಯವನು, "ಮೇಡಂ, ಇದನ್ನು ಹಾಕಿಕೊಂಡರೆ ಕಛೇರಿಯ ಮೊದಲ ಸಾಲಿನಲ್ಲಿ ಕುಳಿತಂತೆ" ಎಂದಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಮನೆಯಲ್ಲಿ ಹಾಕಿಕೊಂಡು ಭೀಮಸೇನ ಜೋಶಿಯವರನ್ನು ಕೇಳಿದೆ, ತಂಬೂರಿಯ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳಿಸಿತು. ಆದರೆ ಅದು ಹಿಂಬದಿ ತೆರೆದ ಜಾತಿಯದು. ಕಿವಿಯ ಬಟ್ಟಲಿನ ಹೊರಗೋಡೆಯಲ್ಲಿ ಜಾಲರಿ ಇರುತ್ತದೆ. ಒಳಗಿನ ಹಾಡು ಹೊರಗೆ ಹೋಗುತ್ತದೆ, ಹೊರಗಿನ ಗದ್ದಲ ಒಳಗೆ ಬರುತ್ತದೆ. ಅಮ್ಮ ಕೊಟ್ಟದ್ದೆಂದು ಹುಡುಗ ಅದನ್ನೇ ಕ್ಲಬ್ಬಿಗೆ ಕೊಂಡುಹೋದ. ಅಲ್ಲಿಯ ಸದ್ದಿನಲ್ಲಿ ಏನೂ ಕೇಳಿಸದೆ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟು ಮೂರು ಗಂಟೆ ನುಡಿಸಿದ. ಮರುದಿನ ಬೆಳಗ್ಗೆ ಕುಕ್ಕರು ನಾಲ್ಕು ಸಲ ಕೂಗಿದರೂ ಒಲೆಯ ಪಕ್ಕದಲ್ಲೇ ನಿಂತವನಿಗೆ ಗೊತ್ತಾಗಲಿಲ್ಲ. "ಕಿವಿಯೊಳಗೆ ಕುಂಯ್ ಅನ್ನುತ್ತಾ ಇದೆ ಅಮ್ಮಾ" ಎಂದ.

ನನ್ನ ಕೈಕಾಲು ತಣ್ಣಗಾಯಿತು. ಈ ಮಾತನ್ನು ನಾನು ಮೊದಲೂ ಕೇಳಿದ್ದೆ.

ನನ್ನ ಅಪ್ಪಯ್ಯ ಗಿರಣಗಾಂವಿನ ಒಂದು ಬಟ್ಟೆ ಗಿರಣಿಯಲ್ಲಿ, ಮಗ್ಗದ ಖಾತೆಯಲ್ಲಿ 16 ವರ್ಷ ದುಡಿದವರು. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನಲ್ಲಿ ಜನ ತುಟಿ ನೋಡಿ ಮಾತಾಡುತ್ತಿದ್ದರಂತೆ. 1982ರ ಮುಷ್ಕರದಲ್ಲಿ ಕೆಲಸ ಹೋಯಿತು. ದೊಡ್ಡಪ್ಪನ ಹೋಟೆಲಿನ ಗಲ್ಲೆಯಲ್ಲಿ ಕುಳಿತರೆ ಗಿರಾಕಿ "ಸಾದಾ" ಎಂದದ್ದು ಇವರಿಗೆ "ಚಾ" ಎಂದು ಕೇಳಿಸುತ್ತಿತ್ತು. ಗದ್ದಲ ಮೊದಲು ತಿನ್ನುವುದು ಮೇಲಿನ ಸ್ವರಗಳನ್ನು. ದನಿ ಕೇಳಿಸುತ್ತದೆ, ಸಕಾರ ಚಕಾರಗಳ ವ್ಯತ್ಯಾಸ ಮಾತ್ರ ಹಾರಿಹೋಗುತ್ತದೆ. ನಾವು ಮಕ್ಕಳು ಏನೇ ಹೇಳಿದರೂ ಎರಡು ಸಲ ಹೇಳುತ್ತಿದ್ದೆವು. ಆ ಗಿರಣಿಗಳಿದ್ದ ಲೋವರ್ ಪರೇಲಿನಲ್ಲೇ ಈಗ ಮಾಲುಗಳೂ ಕ್ಲಬ್ಬುಗಳೂ ಆಗಿವೆ.

ಮಗನ ಕಿವಿ ಎರಡು ದಿನದಲ್ಲಿ ಸರಿಹೋಯಿತು. ಆದರೆ ಇ.ಎನ್.ಟಿ. ಡಾಕ್ಟರು ಹೇಳಿದ ಲೆಕ್ಕವನ್ನು ನೀವೂ ಬರೆದಿಟ್ಟುಕೊಳ್ಳಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೆ ಇಳಿಯುತ್ತಾ 100ಕ್ಕೆ ಬರುವಾಗ ಉಳಿಯುವುದು ಬರೀ 15 ನಿಮಿಷ. ಕ್ಲಬ್ಬಿನಲ್ಲಿ 100 ಎಂದರೆ ಹೆಚ್ಚೇನೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಮೇಲಿನ ಮಿತಿಯೆಂದು ಸೂಚಿಸಿದ್ದೇ ಸರಾಸರಿ 100 ಡೆಸಿಬೆಲ್.

ಇನ್ನು ಡಿ.ಜೆ.ಗೆ ಹೆಡ್‌ಫೋನ್ ಯಾಕೆ ಬೇಕು? ನಾನು ಮೊದಲು ಅದು ಬರೀ ಷೋಕಿ ಎಂದುಕೊಂಡಿದ್ದೆ. ಜನರಿಗೆ ಒಂದು ಹಾಡು ಕೇಳಿಸುತ್ತಿರುವಾಗಲೇ ಇವನು ಮುಂದಿನ ಹಾಡನ್ನು ತನ್ನೊಬ್ಬನ ಕಿವಿಯಲ್ಲಿ ಕೇಳಿ, ಎರಡರ ತಾಳ ಕೂಡಿಸಿ ಇಟ್ಟುಕೊಳ್ಳಬೇಕು. ನ್ಯೂಯಾರ್ಕಿನ ಸ್ಯಾಂಕ್ಚುಯರಿ ಎಂಬ ಕ್ಲಬ್ಬಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬಾತ 1970ರ ಸುಮಾರಿಗೆ ಹೀಗೆ ತಾಳ ಹೊಂದಿಸಿ ಹಾಡಿಗೆ ಹಾಡು ಜೋಡಿಸುತ್ತಿದ್ದ. ಇಂದಿಗೂ ಪದ್ಧತಿ ಅದೇ. ಒಂದು ಕಿವಿ ಹೆಡ್‌ಫೋನಿನೊಳಗೆ, ಇನ್ನೊಂದು ಹೊರಗೆ.

ಆದ್ದರಿಂದ ಮೊದಲ ಮಾತು: ಬಟ್ಟಲಿನ ಹಿಂಬದಿ ಪೂರಾ ಮುಚ್ಚಿರಬೇಕು, ಮೆತ್ತೆ ಕಿವಿಗೆ ಬಿಗಿಯಾಗಿ ಕೂರಬೇಕು. ಅಂಗಡಿಯಲ್ಲಿ ಎಲ್ಲರೂ ಹಾಡು ಹಾಕಿ ನೋಡುತ್ತಾರೆ. ನೀವು ಹಾಡು ಹಾಕದೆ ಧರಿಸಿ ನೋಡಿ. ಗೆಳೆಯನನ್ನು ಎದುರು ನಿಲ್ಲಿಸಿ ಮಾತಾಡಿಸಿ. ಅವನ ಮಾತು ಎಷ್ಟು ದೂರ ಸರಿಯುತ್ತದೋ ಅಷ್ಟು ಒಳ್ಳೆಯದು. ಕನ್ನಡಕದವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ, ಅದರ ಕಡ್ಡಿಯ ಸಂದಿಯಿಂದ ಸದ್ದು ನುಸುಳುತ್ತದೆ. ಒಂದು ವಿಷಯ ತಿಳಿದಿರಲಿ, ಎಷ್ಟೇ ಮುಚ್ಚಿದರೂ ಕ್ಲಬ್ಬಿನ ದಪ್ಪ ಸದ್ದು, ಆ ಧಿಂ ಧಿಂ, ಒಳಗೆ ಬಂದೇ ಬರುತ್ತದೆ. ತಡೆಯಬಹುದಾದದ್ದು ಮೇಲಿನ ಸದ್ದನ್ನು. ಚಪ್ಪಾಳೆ, ತಾಳದ ಚಿಣ್‌ಚಿಣ್ ಸ್ಪಷ್ಟವಾಗಿ ಕೇಳಿಸಿದರೆ ಮಗನಿಗೆ ತಾಳ ಹಿಡಿಯಲು ಅದು ಸಾಕಂತೆ.

ಎರಡನೆಯದು, ಒಂದು ಬಟ್ಟಲು ಹಿಂದಕ್ಕೆ ತಿರುಗುವಂತಿರಬೇಕು. ಇಲ್ಲದಿದ್ದರೆ ರಾತ್ರಿಯಿಡೀ ಭುಜಕ್ಕೂ ಕಿವಿಗೂ ನಡುವೆ ಒತ್ತಿಹಿಡಿದು ಕತ್ತು ಉಳುಕುತ್ತದೆ. (ಬಾಮ್ ಹಚ್ಚಿದವಳು ನಾನು.)

ವೈರ್ ಇಲ್ಲದ್ದು ಬೇಡ. ಇದನ್ನು ಮಗನೇ ಲೆಕ್ಕ ಮಾಡಿ ತೋರಿಸಿದ. ನಿಮಿಷಕ್ಕೆ 125 ಪೆಟ್ಟಿನ ಹಾಡಿನಲ್ಲಿ ಪೆಟ್ಟಿನಿಂದ ಪೆಟ್ಟಿಗೆ 480 ಮಿಲಿಸೆಕೆಂಡು. ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದು 100-200 ಮಿಲಿಸೆಕೆಂಡು ತಡವಾಗಿ ಬರುವುದುಂಟು. ಹಾಡು ಕೇಳುವವನಿಗೆ ಅದರಿಂದ ನಷ್ಟವಿಲ್ಲ, ತಾಳ ಕೂಡಿಸುವವನಿಗೆ ಕೆಲಸವೇ ಕೆಟ್ಟಿತು. ವೈರು ಇರಲಿ, ಕಳಚಿ ಬದಲಿಸುವಂತಿರಲಿ, 6.3 ಮಿಲಿಮೀಟರಿನ ದಪ್ಪ ಪಿನ್ನೂ ಜೊತೆಗಿರಲಿ.

ನಾವು ಕೊನೆಗೆ ಕೊಂಡದ್ದು ಸೆನ್‌ಹೈಸರ್ ಕಂಪನಿಯ ಎಚ್.ಡಿ. 25. 1988ರಲ್ಲಿ ಬಂದ ಮಾದರಿ. ಮೊದಲು ಬಳಸಿದವರು ರೇಡಿಯೋ ಟಿ.ವಿ.ಯ ಧ್ವನಿಗ್ರಹಣದವರು, ಆಮೇಲೆ ಡಿ.ಜೆ.ಗಳ ತಲೆಗೇರಿತು. ವೈರು ಬಿಟ್ಟರೆ ತೂಕ 140 ಗ್ರಾಂ. ತಲೆಪಟ್ಟಿ ಎರಡಾಗಿ ಸೀಳಿಕೊಳ್ಳುತ್ತದೆ, ಒಂದು ಬಟ್ಟಲು ತಿರುಗುತ್ತದೆ, ಮೆತ್ತೆಯಿಂದ ವೈರಿನವರೆಗೆ ಬಿಡಿಭಾಗ ಬೇರೆಯಾಗಿ ಸಿಗುತ್ತದೆ. ನೋಡಲು ಬಡಕಲು. ನನಗಂತೂ ಅಷ್ಟು ದುಡ್ಡಿಗೆ ಇಷ್ಟೇಯಾ ಅನ್ನಿಸಿತು. ಕಿವಿಯ ಮೇಲೆ ಕೂರುವ ಜಾತಿಯಾದ್ದರಿಂದ ಎರಡು ಗಂಟೆಯಾದ ಮೇಲೆ ಕೆಲವರಿಗೆ ಕಿವಿಯ ತುದಿ ನೋಯುತ್ತದೆ. ಅಂಥವರು ಕಿವಿಯನ್ನು ಪೂರ್ತಿ ಸುತ್ತುವ ಆಡಿಯೋ-ಟೆಕ್ನಿಕಾದ ಎಂ50ಎಕ್ಸ್ ನೋಡಬಹುದು. ಅದರ ಬಟ್ಟಲೂ ತಿರುಗುತ್ತದೆ, ವೈರೂ ಕಳಚುತ್ತದೆ, ಆದರೆ ಮುಂಬಯಿಯ ಸೆಕೆಗೆ ಒಳಗೆ ಬೆವರುತ್ತದೆ. ರಸ್ತೆ ಬದಿಯಲ್ಲಿ ಕಾಲು ಬೆಲೆಗೆ ಸಿಗುವ ಎಚ್.ಡಿ. 25ನ್ನು ಮಾತ್ರ ಮುಟ್ಟಬೇಡಿ. ನಕಲಿಗಳು ಬಹಳ. ಬಿಲ್ಲು ಕೇಳಿ.

ಡಬ್ಬಿಯ ಮೇಲೆ ಬರೆದ ಅಂಕಿಗಳಿಗೆ ಮರುಳಾಗಬೇಡಿ. ಎಚ್.ಡಿ. 25 120 ಡೆಸಿಬೆಲ್‌ವರೆಗೆ ಕೂಗಬಲ್ಲದು. ಹಾಗೆಂದು ಕೂಗಿಸುವುದಕ್ಕಲ್ಲ. ಹೊರಗಿನ ಸದ್ದು ಕಡಿಮೆಯಾದರೆ ಒಳಗಿನದ್ದನ್ನೂ ಕಡಿಮೆ ಇಡಬಹುದು, ಮುಚ್ಚಿದ ಬಟ್ಟಲಿಗೆ ದುಡ್ಡು ಕೊಡುವುದು ಅದಕ್ಕೇ. ಚೆನ್ನಾಗಿ ಮುಚ್ಚುವ ಹೆಡ್‌ಫೋನನ್ನೂ ತುಂಬಾ ಜೋರಾಗಿ ಇಟ್ಟರೆ ಅದೂ ನನ್ನ ಹಳೆಯ ಉಡುಗೊರೆಯಷ್ಟೇ ಕೆಟ್ಟದ್ದು. ಹೊರಗಿರುವ ಆ ಇನ್ನೊಂದು ಕಿವಿಗೆ ಸಂಗೀತಗಾರರ ಕಿವಿಬಿರಡೆ ಸಿಗುತ್ತದೆ. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತದೆ, ಹಾಡು ಮಂಕಾಗುವುದಿಲ್ಲ. ಮಗ ಮೊದಲು ನಾಚಿದ. ಈಗ ಬೀಗದ ಕೈಗೊಂಚಲಿನಲ್ಲೇ ಅದರ ಡಬ್ಬಿ ತೂಗುತ್ತದೆ.

ಮೊನ್ನೆ ಅವನು ಇದನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡಿದ್ದಾಗ ಅಪ್ಪಯ್ಯ ಕೋಲೂರಿಕೊಂಡು ಬಂದು ಕುಳಿತರು. ಬಿರಡೆಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, "ನಮಗೆ ಹತ್ತಿಯ ಗಿರಣಿಯಲ್ಲಿ ಹತ್ತಿಯೇ ಇತ್ತು. ಒಂದು ಚೂರು ಕಿವಿಗೆ ತುರುಕಿಕೊಳ್ಳುತ್ತಿದ್ದೆವು" ಎಂದರು. ಅದರಿಂದ ಏನಾದರೂ ಉಪಯೋಗವಾಯಿತೇ ಅಜ್ಜ ಎಂದು ಮಗ ಕೇಳಿದ. ಅವರಿಗೆ ಕೇಳಿಸಲಿಲ್ಲ. ಎದುರು ಬಂದು ನಿಂತು, ತುಟಿ ಕಾಣುವಂತೆ ಇನ್ನೊಮ್ಮೆ ಕೇಳಿದ.

ಮೆತ್ತೆ ಹರಿದ ಹಳೆಯ ಹೆಡ್‌ಫೋನ್ ಮನೆಯಲ್ಲಿದ್ದವರು ಎಸೆಯುವ ಮೊದಲು ನನಗೊಂದು ಫೋನ್ ಮಾಡಿ. ಮೆತ್ತೆ ಬದಲಿಸುವುದನ್ನು ಈಗ ಕಲಿತಿದ್ದೇನೆ, ದಿಂಬಿಗೆ ಕವರು ಹಾಕಿದಷ್ಟೇ ಸುಲಭ. ಸಂಜೆ ನಾಲ್ಕರ ಮೇಲೆ ಮಾಡಿ, ಅದಕ್ಕೂ ಮೊದಲು ಅಪ್ಪಯ್ಯನ ಟಿ.ವಿ.ಯ ಅಬ್ಬರದಲ್ಲಿ ನನಗೆ ಗಂಟೆ ಕೇಳಿಸುವುದಿಲ್ಲ.