ಆಟದ ಕಂಪ್ಯೂಟರ್: ಕಟ್ಟಿದ್ದನ್ನು ಕೊಳ್ಳೋದೋ, ಕೊಂಡು ಕಟ್ಟೋದೋ?

ತುಮಕೂರು ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ಬೆಂಗಳೂರು ಬಸ್ಸಿನಿಂದ ಇಳಿಯುವವರ ಕೈಯಲ್ಲಿ ಮೊದಲೆಲ್ಲ ಹಣ್ಣಿನ ಚೀಲ, ಸೀರೆ ಅಂಗಡಿಯ ಬ್ಯಾಗು ಕಾಣುತ್ತಿದ್ದವು. ಈಗ ಆಗಾಗ ಇನ್ನೊಂದು ಸಾಮಾನು ಕಾಣುತ್ತದೆ. ಎಳೆ ಮಗುವಿನಂತೆ ಎದೆಗವಚಿಕೊಂಡ ದೊಡ್ಡ ರಟ್ಟಿನ ಪೆಟ್ಟಿಗೆ. ಅದನ್ನು ಹಿಡಿದವನು ಹದಿನೆಂಟರ ಹುಡುಗ, ಹಿಂದೆ ಬೆವರೊರೆಸಿಕೊಳ್ಳುತ್ತಾ ಬರುವವರು ಅವರಪ್ಪ. ಹುಡುಗನ ಮುಖದಲ್ಲಿ ದೀಪಾವಳಿ, ಅಪ್ಪನ ಮುಖದಲ್ಲಿ ಮಾರ್ಚ್ ತಿಂಗಳ ಕೊನೆಯ ಲೆಕ್ಕ!

ಪೆಟ್ಟಿಗೆಯಲ್ಲಿರುವುದು ಗೇಮಿಂಗ್ ಕಂಪ್ಯೂಟರ್. ಅದು ಮನೆಗೆ ಬರುವ ಮುಂಚೆ ಎಷ್ಟೋ ಅಂಗಡಿಗಳ ಗಲ್ಲಾಪೆಟ್ಟಿಗೆ ಮುಂದೆ ಒಂದೇ ಥರದ ಜಗಳ ನಡೆದಿರುತ್ತದೆ.

‘ರೆಡಿಮೇಡ್ ಬೇಡಪ್ಪಾ, ಪಾರ್ಟ್ಸ್ ತಂದು ನಾನೇ ಜೋಡಿಸ್ತೀನಿ. ಅದೇ ದುಡ್ಡಿಗೆ ಇನ್ನೂ ಒಳ್ಳೇದು ಬರತ್ತೆ’ ಅಂತ ಮಗ.

‘ಬರತ್ತೆ ಸರಿ ಕಣೋ, ಕೆಟ್ರೆ ಯಾರನ್ನ ಕೇಳೋದು?’ ಅಂತ ಅಪ್ಪ.

ಇಬ್ಬರ ಮಾತೂ ಸರಿ. ಅದಕ್ಕೇ ಜಗಳ ಮುಗಿಯುವುದಿಲ್ಲ. ಮಗ ಸಾಮಾನಿನ ಲೆಕ್ಕ ಹಾಕುತ್ತಿದ್ದಾನೆ, ಅಪ್ಪ ಜವಾಬ್ದಾರಿಯ ಲೆಕ್ಕ ಹಾಕುತ್ತಿದ್ದಾರೆ. ‘ಆಟಕ್ಕೆ ಇಷ್ಟು ದುಡ್ಡು ಯಾಕೆ?’ ಎಂಬ ಪ್ರಶ್ನೆ ಬೇರೆ. ಅದನ್ನು ಆಯಾ ಮನೆಯವರೇ ತೀರ್ಮಾನಿಸಿಕೊಳ್ಳಲಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಹುಡುಗರು ಗೆಳೆಯರ ಜೊತೆ ಆಡುವ ಆಟವನ್ನಲ್ಲ. ದುಡ್ಡು ಖರ್ಚು ಮಾಡುವುದು ಅಂತ ತೀರ್ಮಾನವಾದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ಇಲ್ಲಿಯ ವಿಚಾರ.

ಡಬ್ಬದೊಳಗೆ ಏನಿದೆ?

ಭಯಪಡುವಂಥದ್ದು ಏನೂ ಇಲ್ಲ. ಲೆಕ್ಕ ಮಾಡುವ ಪ್ರೊಸೆಸರ್, ಅದರ ಬಿಸಿ ಆರಿಸುವ ಫ್ಯಾನು, ಎಲ್ಲವನ್ನೂ ಕೂರಿಸುವ ಮದರ್‌ಬೋರ್ಡ್, ರ‍್ಯಾಮ್, ಫೈಲು ಇಡುವ ಎಸ್‌ಎಸ್‌ಡಿ, ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್, ಕರೆಂಟ್ ಹಂಚುವ ಎಸ್‌ಎಂಪಿಎಸ್, ಇವೆಲ್ಲಕ್ಕೂ ಒಂದು ಕ್ಯಾಬಿನೆಟ್. ಎಂಟೇ ಸಾಮಾನು. ಬೆಸುಗೆ ಹಾಕುವ ಕೆಲಸವಿಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಮಧ್ಯಾಹ್ನ, ಸ್ವಲ್ಪ ತಾಳ್ಮೆ ಇದ್ದರೆ ಜೋಡಿಸಬಹುದು. ಒಂದಕ್ಕೊಂದು ಹೊಂದುವಂತೆ ಆರಿಸಬೇಕು, ಅಷ್ಟೇ. ಡಿಡಿಆರ್4 ರ‍್ಯಾಮ್ ಡಿಡಿಆರ್5 ಬೋರ್ಡಿನಲ್ಲಿ ಕೂರುವುದಿಲ್ಲ. ಒಂದು ಕಂಪನಿಯ ಪ್ರೊಸೆಸರ್ ಇನ್ನೊಂದು ಕಂಪನಿಯ ಪ್ರೊಸೆಸರಿಗೆಂದು ಮಾಡಿದ ಬೋರ್ಡಿಗೆ ಹಿಡಿಯುವುದಿಲ್ಲ.

ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಇದು ಹೊಸದಲ್ಲ. ಚಾಸಿಸ್ ಮಾಡಿದ ಕಂಪನಿ ಒಂದು, ಬಾಡಿ ಕಟ್ಟಿದ ವರ್ಕ್‌ಶಾಪ್ ಇನ್ನೊಂದು. ಹಾಗೆ ಕಟ್ಟಿದ ಬಸ್ಸುಗಳಲ್ಲೇ ಜನ ದಶಕಗಳಿಂದ ಊರು ಸೇರಿದ್ದಾರೆ. ‘ಕಂಪನಿ’ ಕಂಪ್ಯೂಟರಿನ ಕಥೆಯೂ ಬಹಳಮಟ್ಟಿಗೆ ಇಷ್ಟೇ. ಒಳಗಿನ ಪ್ರೊಸೆಸರ್ ಒಬ್ಬರದು, ರ‍್ಯಾಮ್ ಮತ್ತೊಬ್ಬರದು, ಮೇಲಿನ ಹೆಸರು ಮಾತ್ರ ಮಾರುವವರದು.

ಹೆಸರು ಹೇಳದ ಸಾಮಾನು

ರೆಡಿಮೇಡ್ ಗೇಮಿಂಗ್ ಕಂಪ್ಯೂಟರಿನ ಜಾಹೀರಾತು ನೋಡಿ. ಪ್ರೊಸೆಸರ್ ಹೆಸರು ದಪ್ಪಕ್ಷರದಲ್ಲಿ, ಗ್ರಾಫಿಕ್ಸ್ ಕಾರ್ಡಿನ ಹೆಸರು ಇನ್ನೂ ದಪ್ಪಕ್ಷರದಲ್ಲಿ. ಎಸ್‌ಎಂಪಿಎಸ್ ಯಾರದ್ದು? ಎಷ್ಟೋ ಕಡೆ ‘ಇಷ್ಟು ವಾಟ್’ ಅಂತ ಬರೆದು ಬಿಟ್ಟಿರುತ್ತಾರೆ. ಮದರ್‌ಬೋರ್ಡ್ ಯಾವ ಮಾದರಿ? ಸುದ್ದಿಯಿಲ್ಲ. ಸೋನಾಮಸೂರಿ ಅಕ್ಕಿ ಅಂತ ಬೋರ್ಡ್ ಹಾಕಿ, ಜೊತೆಗೆ ಕೊಡುವ ಬೇಳೆ ಯಾವುದು ಅಂತ ಹೇಳದಿದ್ದರೆ ಅಶೋಕ ರಸ್ತೆಯ ಯಾವ ಗಿರಾಕಿ ಸುಮ್ಮನಿರುತ್ತಾನೆ?

ಹೇಳದೆ ಬಿಟ್ಟದ್ದರಲ್ಲೇ ಉಳಿತಾಯ ಮಾಡಿರುವುದುಂಟು. ರ‍್ಯಾಮ್ 16 ಜಿಬಿ ಅಂತ ಇರುತ್ತದೆ. ಅದನ್ನು 8 ಜಿಬಿಯ ಎರಡು ಪಟ್ಟಿಯಾಗಿ ಹಾಕಿದರೆ ಪ್ರೊಸೆಸರಿಗೆ ಎರಡು ದಾರಿ ತೆರೆದಂತೆ. 16ರ ಒಂದೇ ಪಟ್ಟಿ ಹಾಕಿದರೆ ಒಂದು ದಾರಿ ಮುಚ್ಚಿದಂತೆ. ಕಾಗದದ ಮೇಲೆ ಎರಡೂ 16 ಜಿಬಿಯೇ! ಎಸ್‌ಎಂಪಿಎಸ್ ಕಳಪೆಯಾದರೆ ಅದಕ್ಕಿಂತ ಅಪಾಯ. ಅದು ಸುಟ್ಟರೆ ಒಂದೇ ಹೋಗುವುದಿಲ್ಲ, ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು. ‘80 ಪ್ಲಸ್’ ಅಂತ ಚೀಟಿ ಇದ್ದರೆ ಸಾಕು ಎನ್ನುವವರಿದ್ದಾರೆ. ಆ ಚೀಟಿ ಹೇಳುವುದು ಕರೆಂಟ್ ಎಷ್ಟು ಬಿಸಿಯಾಗಿ ಪೋಲಾಗುತ್ತದೆ ಎಂಬುದನ್ನು ಮಾತ್ರ. ಒಳಗಿನ ಸಾಮಾನು ಗಟ್ಟಿಯೋ ಅಲ್ಲವೋ ಎಂಬುದನ್ನಲ್ಲ.

ಇನ್ನೊಂದು ಸಂಗತಿ. ಕೆಲವು ದೊಡ್ಡ ಕಂಪನಿಗಳ ಯಂತ್ರಗಳಲ್ಲಿ ಬೋರ್ಡು, ಎಸ್‌ಎಂಪಿಎಸ್ ಅವರದೇ ಅಳತೆಯವು. ಮೂರು ವರ್ಷ ಬಿಟ್ಟು ದೊಡ್ಡ ಕಾರ್ಡು ಹಾಕೋಣ ಅಂದರೆ ಮಾರ್ಕೆಟ್ಟಿನ ಎಸ್‌ಎಂಪಿಎಸ್ ಅದಕ್ಕೆ ಹಿಡಿಯುವುದಿಲ್ಲ. ಒಂದು ಮೊಳೆಗೋಸ್ಕರ ಕುದುರೆಯನ್ನೇ ಬದಲಾಯಿಸಿದ ಹಾಗೆ! ಕೈಯಾರೆ ಕಟ್ಟಿದ್ದರಲ್ಲಿ ಈ ತಾಪತ್ರಯ ಕಡಿಮೆ. ಯಾವುದು ಹಳತಾಯಿತೋ ಅದನ್ನಷ್ಟೇ ತೆಗೆದು ಹೊಸದು ಹಾಕಬಹುದು. ದುಡ್ಡನ್ನು ಆಟಕ್ಕೆ ನಿಜವಾಗಿ ಬೇಕಾದ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು, ಮಿಣಿಮಿಣಿ ದೀಪಗಳಿಗೆ ಕಡಿಮೆ ಹಂಚಬಹುದು.

ರೆಡಿಮೇಡಿಗೂ ಒಂದು ಕಾಲ

ಹಾಗಂತ ರೆಡಿಮೇಡ್ ಕೊಂಡವರೆಲ್ಲ ದಡ್ಡರಲ್ಲ. 2021ರಲ್ಲಿ ಚಿಪ್ ಅಭಾವ, ಕ್ರಿಪ್ಟೋ ನಾಣ್ಯ ಅಗೆಯುವವರ ಹಾವಳಿ ಎರಡೂ ಸೇರಿ ಗ್ರಾಫಿಕ್ಸ್ ಕಾರ್ಡುಗಳು ಬಿಡಿಯಾಗಿ ನಮೂದಿತ ಬೆಲೆಗೆ ಸಿಗುತ್ತಲೇ ಇರಲಿಲ್ಲ. ಆಗ ಕಾರ್ಡು ಸಮೇತ ಬರುವ ರೆಡಿಮೇಡ್ ಕೊಂಡವರೇ ಎಷ್ಟೋ ಸಲ ಜಾಣರು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯಕ್ಕೆ ಆ ಅಗೆಯುವ ಕೆಲಸವೇ ನಿಂತಿತು. ಹಗಲು ರಾತ್ರಿ ದುಡಿದು ಬಸವಳಿದ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಆಗಿ ಮಾರುಕಟ್ಟೆಗೆ ಬಂದವು.

2025ರ ಕೊನೆಗೆ ಸರದಿ ರ‍್ಯಾಮಿನದು. ಎಐ ಕೇಂದ್ರಗಳಿಗೆ ಮೆಮೊರಿ ಚಿಪ್ಪುಗಳು ಹರಿದುಹೋಗಿ ಬಿಡಿ ರ‍್ಯಾಮಿನ ಬೆಲೆ ಏರಿತು. ಮೈಕ್ರಾನ್ ಕಂಪನಿ ಗಿರಾಕಿಗಳಿಗೆ ನೇರವಾಗಿ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಮೊದಲೇ ಸಗಟಾಗಿ ಕೊಂಡಿಟ್ಟವನ ರೆಡಿಮೇಡ್ ಅಗ್ಗವಾಗಿ ಬೀಳಬಹುದು. ಈರುಳ್ಳಿ ವ್ಯಾಪಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಕಟ್ಟಿದರೆ ಯಾವಾಗಲೂ ಅಗ್ಗ’ ಎಂಬ ಮಾತು ಹಳೆಯ ಧಾರಣೆ; ಕೊಳ್ಳುವ ವಾರದ ಧಾರಣೆ ನೋಡಿಯೇ ಮಾತಾಡಬೇಕು.

ರೆಡಿಮೇಡಿನ ಇನ್ನೊಂದು ಅನುಕೂಲ ಅಪ್ಪನ ಪ್ರಶ್ನೆಗೆ ಸಿಗುವ ಉತ್ತರ. ಏನೇ ಕೆಟ್ಟರೂ ಒಂದೇ ಬಾಗಿಲು. ವಿಂಡೋಸ್ ಕೂಡ ಅಸಲಿಯಾಗಿಯೇ ಒಳಗಿರುವುದು ಹೆಚ್ಚು. ಆದರೆ ಆ ಬಾಗಿಲು ಸಾಮಾನ್ಯವಾಗಿ ಒಂದು ವರ್ಷ ತೆರೆದಿರುತ್ತದೆ. ಬಿಡಿಯಾಗಿ ಕೊಂಡ ಡಬ್ಬದ ಪ್ರೊಸೆಸರಿಗೆ ಮೂರು ವರ್ಷ, ಬಹುತೇಕ ಗ್ರಾಫಿಕ್ಸ್ ಕಾರ್ಡುಗಳಿಗೂ ಮೂರು ವರ್ಷ, ಒಳ್ಳೆಯ ಎಸ್‌ಎಂಪಿಎಸ್‌ಗೆ ಐದು ವರ್ಷ ಅಥವಾ ಹೆಚ್ಚು. ಅಂದರೆ ಅಲ್ಲಿ ಒಂದು ಬಾಗಿಲು ಒಂದು ವರ್ಷ, ಇಲ್ಲಿ ಎಂಟು ಬಾಗಿಲು ಮೂರು ವರ್ಷ. ಯಾವ ಸಾಮಾನು ಕೆಟ್ಟಿದೆ ಅಂತ ಪತ್ತೆ ಹಚ್ಚಿ, ಅದನ್ನು ಹೊತ್ತು 70 ಕಿಲೋಮೀಟರ್ ಬಸ್ಸಿನಲ್ಲಿ ಹೋಗಲು ತಯಾರಿದ್ದರೆ ಎರಡನೆಯದು ಲಾಭ. ಅಂಗಡಿ ಬಿಟ್ಟು ಏಳಲಾಗದವರಿಗೆ, ಹುಡುಗನಿಗೂ ಅಷ್ಟು ತಾಳ್ಮೆ ಇಲ್ಲದಿದ್ದರೆ, ಮೊದಲನೆಯದೇ ವಾಸಿ.

‘ಬಿಲ್ ಬೇಕಾ, ಬೇಡ್ವಾ?’

ಇವೆರಡರ ನಡುವೆ ಮೂರನೇ ದಾರಿಯೊಂದಿದೆ. ಜನ ಹಳ್ಳಕ್ಕೆ ಬೀಳುವುದು ಅಲ್ಲೇ.

ಮೆಜೆಸ್ಟಿಕ್ಕಿನಲ್ಲಿ ಇಳಿದು ಎಸ್.ಪಿ. ರೋಡಿಗೆ ಹೋದವರಿಗೆ, ಅಥವಾ ಊರಿನಲ್ಲೇ ವಿಚಾರಿಸಿದವರಿಗೆ, ಈ ಪ್ರಶ್ನೆ ಎಲ್ಲೋ ಒಂದು ಕಡೆ ಎದುರಾಗುತ್ತದೆ: ‘ಬಿಲ್ ಬೇಕಾ, ಬೇಡ್ವಾ?’ ಎಲ್ಲ ಅಂಗಡಿಯವರೂ ಕೇಳುವುದಿಲ್ಲ, ಕೇಳುವವರೂ ಇದ್ದಾರೆ. ಕಂಪ್ಯೂಟರ್ ಸಾಮಾನಿನ ಮೇಲೆ ಜಿಎಸ್‌ಟಿ ನೂರಕ್ಕೆ 18. ಎಪ್ಪತ್ತು ಸಾವಿರದ ಸಾಮಾನಿಗೆ 12,600 ರೂಪಾಯಿ. ಅಪ್ಪನ ಕಿವಿ ನೆಟ್ಟಗಾಗುವ ಮೊತ್ತವೇ!

ಆದರೆ ಆ 12,600 ಉಳಿಸಿದ ದಿನವೇ ಮೂರು ವರ್ಷದ ವಾರಂಟಿಯನ್ನೂ ಅಲ್ಲೇ ಬಿಟ್ಟು ಬಂದ ಹಾಗೆ. ಕಾರ್ಡು ಕೆಟ್ಟು ಸರ್ವಿಸ್ ಸೆಂಟರಿಗೆ ಹೋದರೆ ಬಿಲ್ ಎಲ್ಲಿ ಅಂತ ಕೇಳುತ್ತಾರೆ. ಇನ್ನು ‘ಟ್ರೇ’ ಪ್ರೊಸೆಸರ್ ಅಂತ ಡಬ್ಬವಿಲ್ಲದೆ ಕೊಡುವ ಮಾಲು ಅಗ್ಗ ನಿಜ, ಆದರೆ ಅದಕ್ಕೆ ತಯಾರಕರ ನೇರ ವಾರಂಟಿ ಇಲ್ಲ. ಮಾರಿದವರ ಬಾಯಿಮಾತೇ ವಾರಂಟಿ. ಬಾಯಿಮಾತನ್ನು ಯಾವ ಫೈಲಿನಲ್ಲಿ ಇಡೋದು?

ಬಿಲ್ ಇದ್ದವರ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಸಾಮಾನನ್ನು ಎಲ್ಲೇ ಕೊಂಡಿರಲಿ, ಕೊಂಡವರು ತಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಬಿಲ್ ಇಲ್ಲದೆ ಹೋದವರು ಅಲ್ಲಿ ಏನು ತೋರಿಸಿಯಾರು?

ವ್ಯಾಪಾರಸ್ಥರಿಗೆ ಒಂದು ಕಿವಿಮಾತು. ಮಗನ ಕಂಪ್ಯೂಟರನ್ನು ಅಂಗಡಿ ಹೆಸರಿಗೆ ಬರೆಸಿ ಜಿಎಸ್‌ಟಿ ಮುರಿದುಕೊಳ್ಳೋಣ ಎಂಬ ಆಸೆ ಬೇಡ. ಸ್ವಂತ ಬಳಕೆಯ ಸಾಮಾನಿಗೆ ಆ ಸೌಲಭ್ಯವಿಲ್ಲ. ತೊಗರಿಬೇಳೆ ಲೆಕ್ಕ ಬರೆಯಲು ಗ್ರಾಫಿಕ್ಸ್ ಕಾರ್ಡು ಯಾಕೆ ಬೇಕಾಯಿತು ಅಂತ ಅಧಿಕಾರಿ ಕೇಳಿದರೆ ಉತ್ತರ ಹೇಳೋದು ಕಷ್ಟ!

ಊರಿನ ಅಂಗಡಿಯವರಿಗೆ

ಊರಿನ ಕಂಪ್ಯೂಟರ್ ಅಂಗಡಿಗಳ ಕಷ್ಟವೂ ಇದೆ. ಗಿರಾಕಿ ಆನ್‌ಲೈನ್ ಬೆಲೆ ಮೊಬೈಲಿನಲ್ಲಿ ತೋರಿಸಿ ಅದಕ್ಕಿಂತ ಕಡಿಮೆಗೆ ಕೇಳುತ್ತಾನೆ. ಎಲ್ಲೋ ಕೊಂಡ ಸಾಮಾನು ತಂದು ‘ಸ್ವಲ್ಪ ಜೋಡಿಸಿಕೊಡಿ’ ಅಂತ ನಿಲ್ಲುತ್ತಾನೆ, ಕೂಲಿ ಅಂದರೆ ಮುಖ ಸಿಂಡರಿಸುತ್ತಾನೆ. ಹೀಗಾದರೆ ಅಂಗಡಿಯವರು ಹೇಳದ ಸಾಮಾನಿನಲ್ಲಿ ಲಾಭ ಹುಡುಕದೆ ಇನ್ನೆಲ್ಲಿ ಹುಡುಕಬೇಕು?

ಮದ್ದು ಸುಲಭ. ಅಂಗಡಿಯವರು ಎಂಟೂ ಸಾಮಾನಿನ ಕಂಪನಿ, ಮಾದರಿ, ಸೀರಿಯಲ್ ನಂಬರ್, ಬೆಲೆ ಬಿಲ್ಲಿನಲ್ಲೇ ಬರೆದುಕೊಡಲಿ. ಜೋಡಿಸುವ ಕೂಲಿಯನ್ನು ಸಂಕೋಚವಿಲ್ಲದೆ ಬೇರೆ ಸಾಲಿನಲ್ಲಿ ಹಾಕಲಿ. ಗಿರಾಕಿಯೂ ಅದನ್ನು ಚೌಕಾಸಿ ಮಾಡದೆ ಕೊಡಲಿ. ದರ್ಜಿಗೆ ಹೊಲಿಗೆ ಕೂಲಿ ಕೊಡುವವರು ಇಲ್ಲಿ ಯಾಕೆ ಹಿಂದೆಮುಂದೆ ನೋಡಬೇಕು? ಕೆಟ್ಟಾಗ ಕೇಳಲು ನಡೆದು ಹೋಗುವಷ್ಟು ಹತ್ತಿರದಲ್ಲಿ ಒಬ್ಬರಿರುವುದಕ್ಕೆ ಕೊಡುವ ಬೆಲೆ ಅದು.

ಮನೆಯಲ್ಲಿ ಮಾಡಬೇಕಾದ್ದೂ ಉಂಟು. ಮೂರು ಪಿನ್ನಿನ ಪ್ಲಗ್ಗಿಗೆ ನಿಜವಾಗಿ ಅರ್ಥಿಂಗ್ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಬೇಕು. ಹಳೆಯ ಕಂಪ್ಯೂಟರಿನ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವಾಟ್. ದೊಡ್ಡ ಕಾರ್ಡಿನ ಯಂತ್ರ ಆಟದ ನಡುವೆ ಅದನ್ನು ಮೀರಿದಾಗ ಕರೆಂಟ್ ಹೋದರೆ ಯುಪಿಎಸ್ಸೂ ಕೈ ಎತ್ತುತ್ತದೆ. ಈ ಖರ್ಚು, ಮಾನಿಟರ್, ಅಸಲಿ ವಿಂಡೋಸ್ ಎಲ್ಲವನ್ನೂ ಮೊದಲ ದಿನದ ಲೆಕ್ಕದಲ್ಲೇ ಹಿಡಿಯಬೇಕು. ಆಮೇಲೆ ಒಂದೊಂದಾಗಿ ಹೇಳಿದರೆ ಅಪ್ಪನಿಗೆ ಮಗನ ಮೇಲಿನ ನಂಬಿಕೆ ಹೋಗುತ್ತದೆ. ಅದಕ್ಕೆ ವಾರಂಟಿ ಇಲ್ಲ.

ಹಾಗಾದರೆ ಯಾವುದು?

ಹುಡುಗನಿಗೆ ಆಸಕ್ತಿ ಇದ್ದು, ಬಿಲ್ ಸಮೇತ ಕೊಳ್ಳುವುದಾದರೆ ಕಟ್ಟುವುದೇ ಮೇಲು. ದುಡ್ಡು ಹೋದ ಕಡೆ ಕೆಲಸ ಕಾಣುತ್ತದೆ, ಒಂದು ಸಾಮಾನು ಕೆಟ್ಟರೆ ಒಂದೇ ಬದಲಾಗುತ್ತದೆ, ಹುಡುಗ ಒಂದು ವಿದ್ಯೆ ಕಲಿಯುತ್ತಾನೆ. ಆಸಕ್ತಿ ಇಲ್ಲದಿದ್ದರೆ ರೆಡಿಮೇಡ್ ತನ್ನಿ. ಆದರೆ ಎಂಟೂ ಸಾಮಾನಿನ ಹೆಸರು ಬರೆಸಿಕೊಳ್ಳದೆ ದುಡ್ಡು ಎಣಿಸಬೇಡಿ. ಬಿಲ್ ಇಲ್ಲದ್ದು ರೆಡಿಮೇಡ್ ಆದರೂ ಬೇಡ, ಕಟ್ಟಿದ್ದಾದರೂ ಬೇಡ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದು ಹೆದರಿಸುವುದಕ್ಕಲ್ಲ, ಲೆಕ್ಕ ಕಲಿಯಲಿ ಅಂತ. ಅಂಗಡಿ ಬಾಗಿಲು ಎಳೆದ ಮೇಲೆ ರಾತ್ರಿ ಒಂಬತ್ತಕ್ಕೆ ಅದೇ ಕೌಂಟರಿನ ಮೇಲೆ ಮಗ ಬೋರ್ಡು ಕೂರಿಸುವಾಗ ಅಪ್ಪ ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲಲಿ. ಎಂಟೂ ಬಿಲ್ಲುಗಳನ್ನು ಪಿನ್ ಹೊಡೆದು ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಳ್ಳಲಿ. ನಾಳೆ ‘ಕೆಟ್ರೆ ಯಾರನ್ನ ಕೇಳೋದು?’ ಅಂತ ಯಾರಾದರೂ ಕೇಳಿದರೆ, ಡ್ರಾಯರ್ ಎಳೆದು ತೋರಿಸಿದರೆ ಆಯಿತು.